ನಾಳೆ ಕೆಂಪಗೆ ಬರುತ್ತದೆ, ಹೆದರಬೇಡಿ

ನಿನ್ನೆ ಆಟಿ ತಿಂಗಳ ಹದಿನೆಂಟನೆಯ ದಿನ. ಬೆಳಿಗ್ಗೆಯೇ ಒಲೆಯ ಮೇಲೆ ಮದ್ದುಸೊಪ್ಪು ಕುದಿಯತೊಡಗಿತ್ತು. ವರ್ಷವೆಲ್ಲ ಬೇಲಿಯ ಬುಡದಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿರುವ ಗಿಡ ಅದು. ಈ ಒಂದು ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೀರು ಮೊದಲು ನೇರಳೆಯಾಯಿತು, ಆಮೇಲೆ ಮಸಿಯಷ್ಟು ಗಾಢವಾಯಿತು. ಅದರ ಪರಿಮಳ ನಾನು ಕುಳಿತಿದ್ದ ಕೋಣೆಯವರೆಗೂ ಬಂತು. ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಆಯಿತು. ನೀವೆಲ್ಲ ಎರಡೆರಡು ಬಟ್ಟಲು ತಿಂದಿರಿ.

ಇವತ್ತು ಬೆಳಿಗ್ಗೆ ಬಚ್ಚಲಿನ ಕಡೆಯಿಂದ ನಿಮ್ಮ ಗಲಾಟೆ. "ಅಜ್ಜೀ, ನಂದು ಕೆಂಪು ಬಂತು!" "ನಿಂದೆಂತ ಕೆಂಪು, ನಂದು ನೋಡು!" ಮದ್ದುಪಾಯಸ ತಿಂದ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ಮದ್ದು ಮೈಗೆ ಹಿಡಿದ ಗುರುತು ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಿಮಗೆ ಅದು ನಗೆ. ನನ್ನನ್ನು ಕಂಡೂ ನಿಮಗೆ ನಗೆ. ಪಾಯಸ ಕೊಟ್ಟವರಿಗೆಲ್ಲ ನಾನು "ನಾಳೆ ಕೆಂಪಗೆ ಬರುತ್ತದೆ, ಹೆದರಬೇಡಿ" ಎಂದು ಹೇಳುತ್ತೇನಲ್ಲ, ಅದಕ್ಕೆ. ಟಪಾಲಿನವನಿಗೆ ಹೇಳಿದೆನಂತೆ, ಕರಿಮೆಣಸಿನ ಬೆಲೆ ಕೇಳಲು ಗೋಣಿಕೊಪ್ಪಲಿನಿಂದ ಬಂದವರಿಗೂ ಹೇಳಿದೆನಂತೆ. ನಾಲ್ಕು ಜನರ ಎದುರು ಬಾಯಿ ಬಿಡದ ಅಜ್ಜಿ ಇದೊಂದು ಮಾತನ್ನು ಮಾತ್ರ ಹೇಗೆ ಹೇಳುತ್ತಾರೆ ಎಂದು ನೀವು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಬರೆಯುತ್ತೇನೆ. ನಾನು ಊರಿನ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮ್ಮ ಅಜ್ಜನಿಗೂ ನಾನು ಇದನ್ನು ಪೂರ್ತಿ ಹೇಳಿರಲಿಲ್ಲ.

ಆಗ ನನಗೆ ಹದಿನಾರು ವರ್ಷ. ಬ್ರಿಟಿಷರ ಕಾಲ. ಸುಂಟಿಕೊಪ್ಪದ ಆಚೆ ಒಬ್ಬ ದೊರೆಯ ಕಾಫಿ ಎಸ್ಟೇಟು, ಗುಡ್ಡದ ಮೇಲೆ ಅವರ ಬಂಗಲೆ. ಬಂಗಲೆಯ ಮುಂದೆ ಇಳಿಜಾರಿನಲ್ಲಿ ದೊಡ್ಡ ಹುಲ್ಲುಹಾಸು. ಆ ಹುಲ್ಲಿನಲ್ಲಿ ಕಳೆ ಕೀಳಲು ನಾಲ್ವರು ಹೆಂಗಸರಿದ್ದೆವು. ನನ್ನ ದೊಡ್ಡವ್ವ ಅಲ್ಲಿ ಹಳಬಳು, ನನ್ನನ್ನು ಸೇರಿಸಿದವಳೂ ಅವಳೇ. ಉಳಿದಿಬ್ಬರು ಎಸ್ಟೇಟಿನ ಕೂಲಿಮನೆಗಳ ಲೈನಿನವರು. ಮನೆಯ ಮುಂದೆ ಬರೀ ಹುಲ್ಲು ಬೆಳೆಸಿ, ಅದನ್ನು ದನಕ್ಕೂ ಹಾಕದೆ, ಕೂಲಿ ಕೊಟ್ಟು ಕತ್ತರಿಸಿ ಎಸೆಯುವುದು ಏಕೆ ಎಂದು ನನಗೆ ಬಹಳ ದಿನ ಅರ್ಥವಾಗಲಿಲ್ಲ.

ನಮ್ಮ ಮೇಲೆ ಒಬ್ಬ ಮಾಲಿ ಇದ್ದರು. ಆಗ ನಾವೆಲ್ಲ 'ಅವನು' ಎಂದೇ ಹೇಳುತ್ತಿದ್ದೆವು. ಈಗ ಬರೆಯುವಾಗ ಕೈ ತಾನಾಗಿ 'ಅವರು' ಎಂದು ಬರೆಯುತ್ತದೆ. ಸೇಲಂ ಕಡೆಯವರು. ಬಂದು ಎರಡು ವರ್ಷವಾಗಿತ್ತು ಅಷ್ಟೆ. ಅರವತ್ತು ದಾಟಿದ ಒಣಕಲು ಮೈ, ಒಂದು ಕಣ್ಣಿನ ಮೇಲೆ ಬಿಳಿ ಪೊರೆ. ನಮ್ಮ ನಾಲ್ವರನ್ನೂ, ನನ್ನ ದೊಡ್ಡವ್ವನನ್ನೂ ಸೇರಿಸಿ, 'ಪುಳ್ಳೆ' ಎನ್ನುತ್ತಿದ್ದರು. ಅವರ ಮಾತಿನಲ್ಲಿ ಮಗು ಎಂದು ಅರ್ಥವಂತೆ. ಐವತ್ತು ವರ್ಷದ ನನ್ನ ದೊಡ್ಡವ್ವನಿಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಅವರ ಕೆಲಸದ ರೀತಿಯೇ ಬೇರೆ. ನಾವು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಕಳೆ ಕೀಳಬೇಕು. ಮುಂದಕ್ಕೆ ಹೋದರೆ ಸ್ವಚ್ಛ ಮಾಡಿದ ಹುಲ್ಲನ್ನು ನಾವೇ ತುಳಿಯುತ್ತೇವೆ, ಹಿಂದಕ್ಕೆ ಹೋದರೆ ಬಿಟ್ಟುಹೋದದ್ದು ಕಣ್ಣೆದುರೇ ಇರುತ್ತದೆ. ಮಳೆ ಬಂದರೆ ಬೆನ್ನಿಗೆ ಎಲೆಯ ಗೊರಬೆ ಹಾಕಿಕೊಂಡು, ನಾಲ್ಕು ಆಮೆಗಳಂತೆ, ಗೇಟಿನ ಕಡೆಗೆ ಹಿಂದೆ ಸರಿಯುತ್ತಿದ್ದೆವು. ಬಿಸಿಲುಗಾಲದಲ್ಲಿ ಹುಲ್ಲು ಕತ್ತರಿಸುವ ಮಿಷನ್ನನ್ನು ಎಳೆಯಲು ಒಂದು ಎತ್ತು. ಅದರ ಗೊರಸು ಹುಲ್ಲಿನಲ್ಲಿ ಗುಂಡಿ ಮಾಡಬಾರದೆಂದು ನಾಲ್ಕು ಕಾಲಿಗೂ ಚರ್ಮದ ಬೂಟು. ನಮ್ಮ ಕಾಲಿಗೆ ಚಪ್ಪಲಿ ಇರಲಿಲ್ಲ, ಎತ್ತಿಗೆ ಬೂಟು! ಮಾಲಿ ಬಗ್ಗಿ ಕುಳಿತು ಎತ್ತಿಗೆ ಬೂಟು ತೊಡಿಸುವಾಗ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಎತ್ತಿನ ಹತ್ತಿರ ಮಾತು, ನಮ್ಮ ಹತ್ತಿರ ಬರೀ ಗುರುಗುಟ್ಟುವುದು.

ಸಂಜೆ ಗೇಟಿನ ಹತ್ತಿರ ನಾವು ಮಡಿಲು ಕೊಡವಿ ತೋರಿಸಿಯೇ ಹೋಗಬೇಕು. ಹುಲ್ಲಿನ ನಡುವೆ ಸಿಗುವ ಒಂದೆಲಗವನ್ನು ಚಟ್ನಿಗೆಂದು ನಾವು ಮಡಿಲಿಗೆ ಹಾಕಿಕೊಳ್ಳುತ್ತಿದ್ದುದು ನಿಜ. ಅವರು ಅದನ್ನು ನೆಲಕ್ಕೆ ಕೊಡವಿಸುತ್ತಿದ್ದರು. ಗುಲಾಬಿಯ ಕಡ್ಡಿ ಕದಿಯುತ್ತೇವೆಂದು ನೋಡುತ್ತಾನೆ ಎಂದು ಒಬ್ಬಳು. ಅಲ್ಲ, ಹೆಂಗಸರ ಸೀರೆ ಕೊಡವಿಸಿ ನೋಡುವ ಚಪಲ ಎಂದು ಇನ್ನೊಬ್ಬಳು. ನನಗೆ ಎರಡೂ ನಿಜ ಎನ್ನಿಸುತ್ತಿತ್ತು.

ಅದಕ್ಕಿಂತ ಹೆಚ್ಚಾಗಿ ಅವರು ನಮ್ಮ ಕೈ ಮೂಸುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಎದುರಿಗೆ ಬಂದು ನಿಂತು, "ಕೈ ಕಾಟ್ಟು ಪುಳ್ಳೆ" ಎಂದು ಅಂಗೈಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ವಾರಕ್ಕೊಮ್ಮೆ ಪ್ರತಿಯೊಬ್ಬಳಿಗೂ ಒಂದು ತುಂಡು ಕೆಂಪು ಸೋಪು ಕೊಡುತ್ತಿದ್ದರು, ಆಸ್ಪತ್ರೆಯ ವಾಸನೆಯದು. ಅದನ್ನು ಹಾಕಿ ತೊಳೆದಿದ್ದೇವೋ ಇಲ್ಲವೋ ಎಂದು ನೋಡಲು ಮೂಸುವುದು ಎಂದು ಅವರ ಲೆಕ್ಕ. ನಮ್ಮ ದೊಡ್ಡವ್ವನ ಲೆಕ್ಕ ಬೇರೆ.

"ಏ ಗೂಡೆ, ಅಂವ ಮೂಸಿಕೆ ಬಂದರೆ ಕೈ ಹಿಂದೆ ಹಿಡ್ಕ. ಅಂವನ ಬುದ್ಧಿ ಸರಿ ಇಲ್ಲೆ, ನಂಗೆ ಗೊತ್ತುಟ್ಟು."

ಬಂಗಲೆಯ ಬಟ್ಲರನೂ ಹಾಗೆಯೇ. ಮಾಲಿಯ ಸಾಮಾನಿನ ಕೊಟ್ಟಿಗೆಯಲ್ಲಿ ಒಂದು ತಗಡಿನ ಡಬ್ಬ ಇತ್ತು, ಮೇಲೆ ತಲೆಬುರುಡೆ, ಎರಡು ಮೂಳೆಯ ಚಿತ್ರ. ಹಾದಿಯ ಕಲ್ಲುಗಳ ಸಂದಿನ ಹುಲ್ಲು, ಪಾಚಿ ಸಾಯಿಸುವ ವಿಷ. ಆ ಕೊಟ್ಟಿಗೆಯ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಬಟ್ಲರ್ ನಮ್ಮನ್ನು ಕಂಡಾಗಲೆಲ್ಲ, "ಆ ಡಬ್ಬದ ಹತ್ರ ಹೋಗ್ಬೇಡ್ರಮ್ಮ, ಮುದುಕನ ಮೂರು ಹೆಂಡ್ತೀರು ಅದನ್ನು ತಿಂದೇ ಹೋಗಿದ್ದು" ಎಂದು ಹೇಳಿ ನಗುತ್ತಿದ್ದ. ಅದು ತಮಾಷೆ ಎಂದು ನನಗೆ ಗೊತ್ತಿತ್ತು. ಆದರೂ ಮಾಲಿ ಹತ್ತಿರ ಬಂದಾಗ ಆ ಮೂರು ಹೆಂಡತಿಯರು ನೆನಪಾಗುತ್ತಿದ್ದರು...

ಈಗ ನನ್ನ ಕಳ್ಳತನ ಹೇಳಬೇಕು. ಆ ಕೆಂಪು ಸೋಪನ್ನು ನಾನು ಬಳಸುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲಿ ಸೋಪು ಎನ್ನುವುದು ಇರಲಿಲ್ಲ. ಆಟಿ ತಿಂಗಳು ಕಳೆದ ಮೇಲೆ ನನ್ನನ್ನು ನೋಡಲು ಒಂದು ಮನೆಯವರು ಬರುವುದೆಂದು ಮಾತಾಗಿತ್ತು. ಆ ದಿನ ಸೋಪು ಹಾಕಿ ಸ್ನಾನ ಮಾಡಬೇಕು ಎಂದು ನನಗೆ ಆಸೆ. ಪ್ರತಿ ವಾರದ ತುಂಡನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಒಯ್ಯುತ್ತಿದ್ದೆ. ಕೈಯನ್ನು ಬರೀ ನೀರಿನಲ್ಲಿ ತೊಳೆದು, ಆ ಬಟ್ಟೆಯ ಗಂಟನ್ನು ಒಮ್ಮೆ ಅಂಗೈಗೆ ಉಜ್ಜಿದರೆ ಮೂಸಲು ಬೇಕಾದಷ್ಟು ವಾಸನೆ ಬರುತ್ತಿತ್ತು. ಮಾಲಿ ಮೂಸಿ, ಒಂದು ಗಳಿಗೆ ನನ್ನ ಮುಖ ನೋಡಿ, ಮುಂದೆ ಹೋಗುತ್ತಿದ್ದರು. ಅವನಿಗೆ ಗೊತ್ತಾಗಿದೆ, ಗೊತ್ತಿದ್ದೂ ಸುಮ್ಮನಿದ್ದಾನೆ, ಯಾವಾಗಲೋ ಒಂದು ದಿನ ಇದನ್ನು ಹಿಡಿದುಕೊಂಡು ಏನೋ ಕೇಳುತ್ತಾನೆ ಎಂದು ನನಗೆ ಒಳಗೊಳಗೇ ಸಂಶಯ.

ಆ ವರ್ಷ ಆಟಿಯಲ್ಲಿ ನಡುವೆ ಮೂರು ದಿನ ಮಳೆ ಬಿಟ್ಟಿತು. ಬಂಗಲೆಯ ಮುಂದಿನ ಕಲ್ಲು ಹಾದಿಯಲ್ಲಿ ಪಾಚಿ ಕಟ್ಟಿ ದೊರೆಸಾನಿ ಜಾರಿ ಬಿದ್ದಿದ್ದರು. ಬಿಸಿಲು ಕಂಡ ಕೂಡಲೆ ಮಾಲಿ ಮೂಗಿಗೆ ಬಟ್ಟೆ ಕಟ್ಟಿ ಆ ವಿಷವನ್ನು ನೀರಿಗೆ ಕಲಸಿ ಹಾದಿಯುದ್ದಕ್ಕೂ ಹೊಯ್ದರು. ಮಾರನೆಯ ದಿನ ಪಾಚಿ ಕಂದಾಯಿತು. ಅದನ್ನು ಕೆರೆದು ತೆಗೆಯುವ ಕೆಲಸ ನಮ್ಮದು. ಅಂದು ಬೆಳಿಗ್ಗೆ ಅವರು ನಮ್ಮನ್ನು ನಿಲ್ಲಿಸಿ ಬೆರಳೆತ್ತಿ ಹೇಳಿದರು: "ಇವತ್ತು ಬಾಯಿಗೆ ಕೈ ಹಾಕ್ಬಾರ್ದು. ವೀಳ್ಯ ಬೇಡ. ಸಾಪಾಡು ತಿನ್ನೋ ಮೊದ್ಲು ಸೋಪು, ಎರಡು ಸಲ. ಕೇಳಿಸ್ತಾ ಪುಳ್ಳೆ?"

ಅಂದೇ ಆಟಿ ಹದಿನೆಂಟು. ಅವ್ವ ಮುಂಜಾನೆಯೇ ಎದ್ದು ಪಾಯಸ ಮಾಡಿ ನನಗೆ ಒಂದು ಸಣ್ಣ ಪಾತ್ರೆಯಲ್ಲಿ ಹಾಕಿ ಕೊಟ್ಟಿದ್ದಳು. ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಮಾಲಿಯನ್ನು ದೊರೆ ಎಲ್ಲಿಗೋ ಕರೆಸಿದ್ದರು. ಕೈ ಮೂಸುವವರು ಇರಲಿಲ್ಲ. ನಾನು ತೋಡಿನ ನೀರಿನಲ್ಲಿ ಕೈಯನ್ನು ಒಮ್ಮೆ ಅದ್ದಿ ತೆಗೆದೆ, ಅಷ್ಟೆ. ಸೋಪಿನ ವಾಸನೆ ಮದ್ದಿನ ಪರಿಮಳವನ್ನು ಕೆಡಿಸುತ್ತದೆ ಎಂಬ ನೆಪವೂ ಇತ್ತು. ದೊಡ್ಡವ್ವ ಮತ್ತು ಉಳಿದವರು ಮರದ ಬುಡದಲ್ಲಿ ಕುಳಿತಿದ್ದರು. ನಾಲ್ಕು ಜನರ ಎದುರು ಕೂತು ತಿನ್ನಲು ನನಗೆ ನಾಚಿಕೆ. ಬೇಲಿಯ ಹಿಂದೆ ಒಬ್ಬಳೇ ಕುಳಿತೆ.

ಆಗ ಬೇಬಿ ಬಂತು. ದೊರೆಯ ಮಗಳು, ಐದು ವರ್ಷ ಇರಬಹುದು. ಎಲ್ಲರೂ ಅದನ್ನು ಬೇಬಿ ಎಂದೇ ಕರೆಯುತ್ತಿದ್ದುದು. ಆಯಾ ಎಲ್ಲೋ ಹಿಂದೆ ಉಳಿದಿದ್ದಳು. ಪಾತ್ರೆಯಲ್ಲಿದ್ದ ನೇರಳೆ ಬಣ್ಣವನ್ನು ನೋಡಿ ಅದರ ನೀಲಿ ಕಣ್ಣು ಇನ್ನೂ ದೊಡ್ಡದಾಯಿತು. ನನ್ನ ಎದುರು ಕುಳಿತು ಹಕ್ಕಿಮರಿಯಂತೆ ಬಾಯಿ ತೆರೆಯಿತು. ಮಕ್ಕಳೇ, ಬಾಯಿ ತೆರೆದ ಮಗುವಿಗೆ ಇಲ್ಲ ಎನ್ನಲು ಯಾರಿಗೆ ಬರುತ್ತದೆ? ಬೆರಳಲ್ಲೇ ಬಳಿದು ಬಳಿದು ತಿನ್ನಿಸಿದೆ. ಅರ್ಧ ಪಾತ್ರೆ ತಿಂದಿತು. ತುಟಿಯ ಬಣ್ಣವನ್ನು ನನ್ನ ಸೆರಗಿನಿಂದ ಒರೆಸಿದೆ. ಬಾಯಿಯ ಮೇಲೆ ಬೆರಳಿಟ್ಟು, ಯಾರಿಗೂ ಹೇಳಬೇಡ ಎಂದು ತೋರಿಸಿದೆ. ಅದೂ ತನ್ನ ಬಾಯಿಯ ಮೇಲೆ ಬೆರಳಿಟ್ಟಿತು.

ತಲೆ ಎತ್ತಿದರೆ ಬೇಲಿಯ ಸಂದಿನಲ್ಲಿ ಮಾಲಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದರು. ಬಂದ ದಾರಿಯಲ್ಲೇ ಹೋದರು.

ಮಾರನೆಯ ದಿನ ನಾವು ಗೇಟು ದಾಟುವಾಗಲೇ ಬಂಗಲೆಯಲ್ಲಿ ಗಡಿಬಿಡಿ. ದೊರೆಯ ಕಾರು ಮಡಿಕೇರಿಯ ಕಡೆಗೆ ಕೆಸರೆರಚಿಕೊಂಡು ಹೋಯಿತು. ಆಯಾ ಹೊರಗಿನ ಊರಿನವಳು, ತೋಡಿನ ಹತ್ತಿರ ಬಂದು ಎದೆ ಬಡಿದುಕೊಂಡಳು. ಬೇಬಿಯ ಮೂತ್ರದ ಪಾಟಿನಲ್ಲಿ ರಕ್ತವಂತೆ. ಹಿಂದಿನ ವರ್ಷ ಪಕ್ಕದ ಎಸ್ಟೇಟಿನ ಎಳೆಯ ದೊರೆಯೊಬ್ಬ ಹೀಗೆಯೇ ಕೆಂಪು ಮೂತ್ರ ಹೋಗಿ, ಜ್ವರದಲ್ಲಿ ನಾಲ್ಕೇ ದಿನಕ್ಕೆ ತೀರಿಕೊಂಡಿದ್ದ. ದೊರೆಸಾನಿಗೆ ಅದೇ ಭಯ. ಮಗುವನ್ನು ಅಪ್ಪಿಕೊಂಡು ಕೂತವರು ಬಿಡುತ್ತಲೇ ಇರಲಿಲ್ಲವಂತೆ.

ನನಗೆ ಒಮ್ಮೆಲೇ ತಿಳಿಯಿತು. ಹಿಡಿದಿದ್ದ ಬುಟ್ಟಿ ಕೆಳಗಿಟ್ಟೆ. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು. ಆಯಾ ಅತ್ತ ಹೋದ ಮೇಲೆ ನನ್ನ ರಟ್ಟೆ ಹಿಡಿದು ಬೇಲಿಯ ಹಿಂದೆ ಎಳೆದಳು.

"ನಿನ್ನೆ ಆ ಮಗೂಗೆ ನೀ ಎಂತ ಕೊಟ್ಟದು?"

"ಪಾಯಸ... ಅದೇ ಬಾಯಿ ತೆಗ್ದತ್ ದೊಡ್ಡವ್ವ."

"ಅಯ್ಯೋ ಗೂಡೆ!" ಒಂದು ಗಳಿಗೆ ಅವಳಿಗೆ ನಗು ಬಂದಂತಾಯಿತು. ಹಾಗಾದರೆ ಮಗುವಿಗೆ ಏನೂ ಆಗಿಲ್ಲ ಎಂದು ಅವಳಿಗೂ ತಿಳಿಯಿತಲ್ಲ. ಆದರೆ ಮರುಗಳಿಗೆಯೇ ಮುಖ ಗಟ್ಟಿಯಾಯಿತು. "ಯಾರೊಟ್ಟಿಗೂ ಹೇಳ್ಬೇಡ. ಕಾಡು ಸೊಪ್ಪು ಬೇಯಿಸಿ ಮಗೂಗೆ ತಿನ್ಸಿದೆ ಅಂತ ಹೇಳಿರೆ ದೊರೆ ನಂಬಿಕೆ ಉಟ್ಟಾ? ವಿಷ ಅಂತಲೇ ಹೇಳುವ. ನಾಳೆ ತಾನೇ ಸರಿಯಾದೆ. ನಿನ್ನ ನೋಡಿಕೆ ಬರುವವು ಉಟ್ಟು, ನೆನಪಿರ್ಲಿ."

ಮಾಲಿ ನೋಡಿದ್ದಾರೆ ಎಂದು ನಾನು ದೊಡ್ಡವ್ವನಿಗೂ ಹೇಳಲಿಲ್ಲ.

ಡಾಕ್ಟರು ಬಂದರು. ಮಗುವಿಗೆ ಜ್ವರ ಇಲ್ಲ, ನೋವಿಲ್ಲ, ಹಾಸಿಗೆಯ ಮೇಲೆ ಕುಣಿಯುತ್ತಿದೆ. ಇದು ಆ ಜ್ವರವಲ್ಲ, ಬಾಯಿಗೆ ಏನಾದರೂ ಹೋಗಿದೆಯೇ ಎಂದು ಕೇಳಿದರಂತೆ. ಬಟ್ಲರ್ ಆ ಕ್ಷಣಕ್ಕೇ ಕಾಯುತ್ತಿದ್ದವನಂತೆ ತಲೆಬುರುಡೆಯ ಡಬ್ಬದ ವಿಷಯ ಹೇಳಿದ. ನಮ್ಮನ್ನೆಲ್ಲ ಹುಲ್ಲುಹಾಸಿನ ಮೇಲೆ ಸಾಲಾಗಿ ನಿಲ್ಲಿಸಿದರು. ನಾವು ಕುಕ್ಕರಗಾಲಿನಲ್ಲಲ್ಲದೆ ಆ ಹುಲ್ಲಿನ ಮೇಲೆ ನೆಟ್ಟಗೆ ನಿಂತದ್ದು ಅದೇ ಮೊದಲು. ದೊರೆ ಮೆಟ್ಟಿಲ ಮೇಲೆ. ಪಕ್ಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಮಂಗಳೂರು ಕಡೆಯವರು, ಬಂದು ಒಂದು ತಿಂಗಳೂ ಆಗಿರಲಿಲ್ಲ. ದೊರೆಯ ಮಾತನ್ನು ಅವರೇ ನಮಗೆ ಕನ್ನಡದಲ್ಲಿ ಕೇಳಿದರು.

"ನಿನ್ನೆ ಬೇಬಿಗೆ ಯಾರಾದ್ರೂ ಎಂತಾದ್ರೂ ತಿನ್ಲಿಕ್ಕೆ ಕೊಟ್ಟಿದ್ದೀರಾ? ಸತ್ಯ ಹೇಳಿ. ಈಗ ಹೇಳಿದ್ರೆ ಬಚಾವು."

ನನ್ನ ಸೊಂಟದಲ್ಲಿ ಆ ವಾರದ ಸೋಪಿನ ಗಂಟು ಚುಚ್ಚುತ್ತಿತ್ತು. ನಾನು ಹುಲ್ಲು ನೋಡುತ್ತಿದ್ದೆ. ಆದರೂ ಪಕ್ಕದಿಂದ ಮಾಲಿಯ ಕಣ್ಣು ನನ್ನ ಮೇಲಿದೆ ಎಂದು ತಿಳಿಯುತ್ತಿತ್ತು. ಈಗ ಹೇಳುತ್ತಾನೆ... ಈಗ ಹೇಳುತ್ತಾನೆ... ಎರಡು ವರ್ಷದಿಂದ ನಾವೆಲ್ಲ ಅವನನ್ನು ಆಡಿಕೊಂಡದ್ದಕ್ಕೆ ಈಗ ತೀರಿಸಿಕೊಳ್ಳುತ್ತಾನೆ. ನಾನಾಗಿದ್ದರೆ ಹೇಳುತ್ತಿದ್ದೆ. ಅದಕ್ಕೇ ಇರಬೇಕು ನನಗೆ ಅಷ್ಟು ಖಾತ್ರಿ.

ಮಾಲಿ ಒಂದು ಹೆಜ್ಜೆ ಮುಂದೆ ಬಂದರು. ತಲೆಯ ಬಟ್ಟೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ತಪ್ಪು ನಂದು ದೊರೆ. ವಿಷ ನಂದು. ಹಾದಿಗೆ ಹಾಕಿದ್ದು ನಾನು. ನೀರು ತೊಳೆಯೋ ಮೊದ್ಲು ಮಗು ಅಲ್ಲಿ ಆಡ್ತು. ನಾನು ನೋಡ್ಲಿಲ್ಲ. ಪುಳ್ಳೆಗಳದ್ದು ಏನೂ ಇಲ್ಲ."

ರೈಟರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ದೊರೆಯ ಕುತ್ತಿಗೆ ಕೆಂಪಾಯಿತು. ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಎರಡು ಮಾತು ಹೇಳಿ ಒಳಗೆ ಹೋದರು. ಮಧ್ಯಾಹ್ನದೊಳಗೆ ಎಸ್ಟೇಟು ಬಿಟ್ಟು ಹೋಗಬೇಕು, ಈ ಜಿಲ್ಲೆಯ ಯಾವ ಬಂಗಲೆಯಲ್ಲೂ ಕೆಲಸ ಸಿಗದ ಹಾಗೆ ಬರೆಯುತ್ತಾರೆ ಎಂದು ರೈಟರು ತಿಳಿಸಿದರು.

ಆ ಹೊತ್ತಿನಲ್ಲಿ ನನಗೆ ಏನು ಅನ್ನಿಸಿತು ಎಂದು ಮುಚ್ಚಿಡದೆ ಬರೆಯುತ್ತೇನೆ. ಕೃತಜ್ಞತೆ ಬರಲಿಲ್ಲ. ಸಂಶಯವೇ ಬಂತು. ಯಾರೂ ಸುಮ್ಮನೆ ಇನ್ನೊಬ್ಬರ ತಪ್ಪನ್ನು ತಲೆಯ ಮೇಲೆ ಹಾಕಿಕೊಳ್ಳುವುದಿಲ್ಲ. ಇದರಲ್ಲಿ ಏನೋ ಉಪಾಯ ಇದೆ. ಹೋಗುವ ಮೊದಲು ನನ್ನನ್ನು ಏನೋ ಕೇಳುತ್ತಾನೆ. ಅಥವಾ ನಮ್ಮ ಮನೆಗೇ ಬಂದು ಅಪ್ಪನ ಎದುರು ನಿಲ್ಲುತ್ತಾನೆ...

ನಾವು ಮತ್ತೆ ಕಳೆ ಕೀಳಲು ಕುಳಿತೆವು. ಅವರು ಕೊಟ್ಟಿಗೆ ತೆರೆದು ಕತ್ತಿ, ಗುದ್ದಲಿ, ಮಿಷನ್ನು, ಎತ್ತಿನ ನಾಲ್ಕು ಬೂಟು ಎಲ್ಲವನ್ನೂ ಹೊರಗಿಟ್ಟು ರೈಟರಿಗೆ ಒಪ್ಪಿಸಿ ಬೀಗದ ಕೈ ಕೊಟ್ಟರು. ಎತ್ತಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತರು. ಒಂದು ಗೋಣಿಚೀಲ, ಒಂದು ಕಂಬಳಿ, ಅಷ್ಟೇ ಅವರ ಗಂಟು. ಹೋಗುವಾಗ ಹುಲ್ಲಿನ ಅಂಚಿನಲ್ಲೇ ನಡೆದುಕೊಂಡು ನಮ್ಮ ಸಾಲಿನ ಹತ್ತಿರ ಬಂದರು. ನನ್ನ ಎದುರು ನಿಂತರು. ನಾನು ಕೈಯನ್ನು ಬೆನ್ನ ಹಿಂದೆ ಹಿಡಿದೆ.

ಅವರು ಚೀಲದಿಂದ ಒಂದು ಇಡೀ ಸೋಪು ತೆಗೆದರು. ತುಂಡಲ್ಲ, ಕಾಗದ ಬಿಚ್ಚದ ಇಡೀ ಕೆಂಪು ಸೋಪು. ನನ್ನ ಮುಂದೆ ಹುಲ್ಲಿನ ಮೇಲೆ ಇಟ್ಟರು.

"ಇದು ಇಟ್ಕೋ. ಮನೆಗೆ ಬೇಕಾದ್ರೆ ಇದು ತಗೊಂಡ್ಹೋಗು. ಕೊಟ್ಟ ತುಂಡು ಕೈಗೆ ಹಾಕು ಪುಳ್ಳೆ. ಕೈ ತೊಳಿ."

ಹೋದರು.

"ಎಂತ ಹೇಳ್ದು ಅಂವ?" ಎಂದು ದೊಡ್ಡವ್ವ ಕೇಳಿದಳು. ನಾನು ಸೋಪನ್ನು ಸೆರಗಿನ ಅಡಿಗೆ ಸೇರಿಸಿದೆ. ಇದೂ ಒಂದು ಬೆದರಿಕೆಯೇ ಎಂದುಕೊಂಡೆ. ನಿನ್ನ ಕಳ್ಳತನ ನನಗೆ ಗೊತ್ತು ಎಂದು ಹೇಳಿ ಹೋದ ಎಂದುಕೊಂಡೆ. ಕೈಯಲ್ಲಿದ್ದ ಕಳೆಯನ್ನು ಬುಟ್ಟಿಗೆ ಹಾಕಲು ಹೋದವಳು ಹಾಗೆಯೇ ನಿಂತುಬಿಟ್ಟೆ. ನನ್ನ ಉಗುರಿನ ಸಂದಿನಲ್ಲಿ ಹಿಂದಿನ ದಿನದ ಸತ್ತ ಪಾಚಿ ಇನ್ನೂ ಕಂದಾಗಿ ಕುಳಿತಿತ್ತು.

ಆಗ ಗೊತ್ತಾಯಿತು. ಅವರು ಸೇಲಂನವರು. ನಮ್ಮ ಮದ್ದುಸೊಪ್ಪು, ಅದರ ಕೆಂಪು, ಯಾವುದನ್ನೂ ಈ ಎರಡು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಕಂಡದ್ದು ಇಷ್ಟೇ: ತಾವು ಹೊಯ್ದ ವಿಷವನ್ನು ಬೆಳಿಗ್ಗೆಯೆಲ್ಲ ಕೆರೆದ ಕೈ, ಸೋಪು ಕಾಣದ ಕೈ, ಆ ಕೈಯ ಬೆರಳು ಮಗುವಿನ ಬಾಯಿಯೊಳಗೆ. ಮಾರನೆಯ ದಿನ ರಕ್ತ. ಈ ಹುಡುಗಿ ತೊಳೆಯುತ್ತಿಲ್ಲ ಎಂದು ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದೆನಲ್ಲ ಎಂದು ಅವರು ಅಂದುಕೊಂಡಿರಬೇಕು. ಅವರು ನನ್ನನ್ನು ಉಳಿಸಲೆಂದು ಸುಳ್ಳು ಹೇಳಿದರೋ, ಅಥವಾ ನಿಜವಾಗಿಯೂ ತಮ್ಮದೇ ತಪ್ಪು ಎಂದು ನಂಬಿದ್ದರೋ... ಎರಡೂ ಇರಬಹುದು. ಎರಡರಲ್ಲೂ ಒಂದು ಮಗುವನ್ನು ಕೊಲ್ಲುವುದರಲ್ಲಿದ್ದೆ ಎಂಬ ಭಾರವನ್ನು ಹೊತ್ತುಕೊಂಡೇ ಅವರು ಗೇಟು ದಾಟಿದ್ದರು. ಅದನ್ನು ಇಳಿಸಲು ನನ್ನ ಒಂದು ಮಾತು ಸಾಕಿತ್ತು.

ಬುಟ್ಟಿ ಬಿಟ್ಟು ಓಡಿದೆ. ಮುಂದಕ್ಕೆ, ಆ ದಿನ ಸ್ವಚ್ಛ ಮಾಡಿದ ಹುಲ್ಲನ್ನೇ ತುಳಿದುಕೊಂಡು. ದೊಡ್ಡವ್ವ ಹಿಂದಿನಿಂದ ಕೂಗಿದಳು. ಗೇಟು ದಾಟಿ, ಕಾಫಿಯ ನಡುವಿನ ಅಡ್ಡದಾರಿಯಲ್ಲಿ ಇಳಿದು ದೊಡ್ಡ ರಸ್ತೆಗೆ ಬಂದೆ. ಕುಶಾಲನಗರದ ಕಡೆಯ ತಿರುವಿನಲ್ಲಿ ಅವರ ಬೆನ್ನು ಕಂಡಿತು. ಬೆನ್ನ ಮೇಲೆ ಗೋಣಿಚೀಲ. ಇನ್ನೊಂದು ಇಪ್ಪತ್ತು ಹೆಜ್ಜೆ ಓಡಿದ್ದರೆ ಸಿಗುತ್ತಿದ್ದರು. ರಸ್ತೆಯಲ್ಲಿ ಎತ್ತಿನಗಾಡಿಯವರು ಮೂರ್ನಾಲ್ಕು ಜನ ಇದ್ದರು, ನನ್ನನ್ನೇ ನೋಡಿದರು. ಅವರ ಎದುರು, ಒಬ್ಬ ಮುದುಕನಿಗೆ, ಮೂತ್ರದ ವಿಷಯ ಹೇಗೆ ಹೇಳುವುದು? ಕೂಗಿ ನಿಲ್ಲಿಸೋಣವೆಂದರೆ ಏನೆಂದು ಕೂಗುವುದು? ಎರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ.

ನಿಂತೆ. ಅವರು ತಿರುವು ದಾಟಿದರು. ಮಳೆ ಮತ್ತೆ ಹಿಡಿಯಿತು.

ಆ ಸಂಜೆಗೇ ಮಗುವಿನದು ತಿಳಿಯಾಯಿತು. ಆಯಾ ಕುಣಿಯುತ್ತಾ ಬಂದು ಹೇಳಿದಳು. "ನೋಡ್ದಾ, ನಾ ಹೇಳ್ದೆ" ಎಂದು ದೊಡ್ಡವ್ವ ನನ್ನ ಕಿವಿಯಲ್ಲಿ ಹೇಳಿದಳು. "ಅಂವ ಹೋದು ಒಳ್ಳೇದೇ ಆತ್. ಇನ್ನು ಕೈ ಮೂಸುವವು ಇಲ್ಲೆ." ಉಳಿದಿಬ್ಬರೂ ನಕ್ಕರು.

ನಾಲ್ಕು ದಿನ ಬಿಟ್ಟು ನಾನು ಒಂದು ಧೈರ್ಯ ಮಾಡಿದೆ. ಬೇಲಿಯ ಬುಡದಿಂದ ಮದ್ದುಸೊಪ್ಪಿನ ಒಂದು ಗೆಲ್ಲು ಕಿತ್ತುಕೊಂಡು ಬಂಗಲೆಯ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ದೊರೆಸಾನಿ ಹೊರಗೆ ಬಂದರು. ಅವರ ಹಿಂದಿನಿಂದ ಬೇಬಿ ಇಣುಕಿ, ನನ್ನನ್ನು ಕಂಡು, ನಗುತ್ತಾ ಬಾಯಿಯ ಮೇಲೆ ಬೆರಳಿಟ್ಟಿತು. ದೊರೆಸಾನಿ ಮಗುವಿನ ಬೆರಳು ನೋಡಿದರು, ನನ್ನ ಕೈಯ ಸೊಪ್ಪು ನೋಡಿದರು, ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಮಾಲಿಯನ್ನು ನಾನು ನೋಡಿದ್ದು ಹಾಗೆಯೇ. ನಾನು ಕಳೆ ಕಿತ್ತವಳಂತೆ ಸೊಪ್ಪನ್ನು ಬುಟ್ಟಿಗೆ ಹಾಕಿ ಹಿಂದೆ ಸರಿದೆ. ಮರುದಿನದಿಂದ ಮಗುವನ್ನು ನಮ್ಮ ಕಡೆ ಬಿಡಲಿಲ್ಲ.

ಆಟಿ ಕಳೆದ ಮೇಲೆ ನಿಮ್ಮ ಅಜ್ಜನ ಮನೆಯವರು ಬಂದರು. ಒಪ್ಪಿದರು. ನಾನು ಈ ಕಡೆಗೆ ಬಂದೆ. ಸೋಪು ಹಾಕಿ ಸ್ನಾನ ಮಾಡಿದ್ದೆನೇ ಎಂದು ಕೇಳುತ್ತೀರೇನೋ. ಇಲ್ಲ. ತುಂಡುಗಳನ್ನೆಲ್ಲ ಕೈ ತೊಳೆದು ತೊಳೆದು ಮುಗಿಸಿದೆ. ಇಡೀ ಸೋಪನ್ನು ಮಾತ್ರ ಕಾಗದ ಬಿಚ್ಚದೆ ಟ್ರಂಕಿನಲ್ಲಿ ಇಟ್ಟಿದ್ದೆ. ಬಹಳ ವರ್ಷ ಸೀರೆಗಳಿಗೆ ಆಸ್ಪತ್ರೆಯ ವಾಸನೆ ಬರುತ್ತಿತ್ತು. ನಿಮ್ಮ ಅಜ್ಜ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಅದು ಒಣಗಿ, ಬಿರಿದು, ಪುಡಿಯಾಯಿತು.

ಒಮ್ಮೆ, ದೊರೆಗಳು ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಮದುವೆಗೆಂದು ಆ ದಾರಿಯಲ್ಲಿ ಹೋಗಿದ್ದೆ. ಹುಲ್ಲುಹಾಸು ಇದ್ದಲ್ಲಿ ಕಾಫಿ ಒಣಗಿಸುವ ಕಣ ಮಾಡಿದ್ದರು. ಅಂಚಿನಲ್ಲಿ ಒಂದೆಲಗ ದಂಡಿಯಾಗಿ ಹಬ್ಬಿತ್ತು. ಕೀಳುವವರಿಲ್ಲ, ಮಡಿಲು ಕೊಡವಿಸುವವರೂ ಇಲ್ಲ. ಬೀಜ, ಬೇರಿನ ತುಂಡು ಸೀರೆಗೆ ಅಂಟಿಕೊಂಡು ಮರುದಿನ ಮತ್ತೆ ಹುಲ್ಲಿಗೆ ಬೀಳಬಾರದೆಂದು ಅವರು ಕೊಡವಿಸುತ್ತಿದ್ದರು ಎಂದು ಅದನ್ನು ನೋಡುತ್ತಾ ನಿಂತಾಗ ಹೊಳೆಯಿತು. ಅಷ್ಟು ತಡವಾಗಿ.

ನಿನ್ನೆ ಮಧ್ಯಾಹ್ನ ನಮ್ಮ ಅಂಗಳದ ಹುಲ್ಲು ಹೆರೆಯಲು ಬಂದಿದ್ದರಲ್ಲ, ತಮಿಳು ಮಾತಾಡುವ ಆ ಹಿರಿಯರು. ಅವರಿಗೂ ಒಂದು ಬಟ್ಟಲು ಪಾಯಸ ಕೊಟ್ಟೆ. ಮೊದಲು ಕೈಗೆ ನೀರು, ಸೋಪು ಕೊಟ್ಟೆ. ಆಮೇಲೆ ಬಾಗಿಲ ಮರೆಯಿಂದಲೇ ಹೇಳಿದೆ, ನಾಳೆ ಕೆಂಪಗೆ ಬರುತ್ತದೆ, ಹೆದರಬೇಡಿ ಎಂದು. ಎರಡು ಸಲ ಹೇಳಿದೆ. ಅವರು ನಕ್ಕರು.

"ಗೊತ್ತಮ್ಮಾ. ನಾನು ಕೊಡಗಿಗೆ ಬಂದು ಮೂವತ್ತು ವರ್ಷ ಆಯ್ತು. ಇದು ಯಾರಿಗೆ ಗೊತ್ತಿಲ್ಲ?"

ನೀವೂ ಒಳಗಿನಿಂದ ನಕ್ಕಿರಿ. ನಾನು ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಬಂದೆ. ಗೊತ್ತಿಲ್ಲದವರು ಒಬ್ಬರಿದ್ದರು. ಅವರು ಕುಶಾಲನಗರದ ತಿರುವು ದಾಟಿ ಹೋಗಿ ಬಹಳ ಕಾಲವಾಯಿತು.